ಪದಸ್ಥನಾದ ರಾಷ್ಟ್ರಪತಿಯ ಅದಂಡ್ಯತ್ವ ವಿಚಾರ

ಅಧಿಕಾರದಲ್ಲಿರುವ ರಾಷ್ಟ್ರಾಧಿಪತಿಯ ಮೇಲೆ ಅಪರಾಧವನ್ನು ಆರೋಪಿಸಿ ನ್ಯಾಯಸ್ಥಾನಕ್ಕೆ ಕರೆಯಬಹುದೋ ಕೂಡದೋ ಎಂಬ ಪ್ರಶ್ನೆಯು ಈಚೆಗೆ ಅಮೇರಿಕೆಯ ನಿಮಿತ್ತವಾಗಿ ಬಹಳವಾಗಿ ಚರ್ಚಿತವಾಗಿರುವದು. ಆ ದೇಶದ ಸಂವಿಧಾನದಲ್ಲಿ ಈ ಕುರಿತು ಸ್ಪಷ್ಟವಚನವಿಲ್ಲ. ಅಲ್ಲಿಯ ನ್ಯಾಯಖಾತೆಯವರು 1973 ಮತ್ತು 2000ರಲ್ಲಿ ಕೊಟ್ಟ ಅಭಿಪ್ರಾಯಗಳೇ ನಿಷೇಧಪಕ್ಷಕ್ಕೆ ಮುಖ್ಯ ಆಧಾರ. ನಮ್ಮಲ್ಲಿಯಾದರೋ ವಚನವುಂಟು, ಅದರ ವ್ಯಾಪ್ತಿಯೆಷ್ಟೆಂಬುದೇ ವಿಚಾರಣೀಯ.

ಪೂರ್ವಪಕ್ಷದ ಬೀಜವು ಅತಿ ಪ್ರಾಚೀನವಾದುದು. ಶತಪಥಬ್ರಾಹ್ಮಣದ ರಾಜಸೂಯ ಪ್ರಕರಣದಲ್ಲಿ ಋತ್ವಿಜರು ರಾಜನ ಬೆನ್ನನ್ನು ಕೋಲುಗಳಿಂದ ಮೌನವಾಗಿ ತಾಡಿಸುವರು. ಅದರಿಂದ ಅವನು ದಂಡವನ್ನು ದಾಟಿ ಅದಂಡ್ಯನಾಗುವನೆಂದು ಅಲ್ಲಿ ಹೇಳಿದೆ. ಮನುಸ್ಮೃತಿಯ 8ನೆಯ ಅಧ್ಯಾಯದ ಮತವು ಇದಕ್ಕೆ ವಿಪರೀತ: ಸಾಮಾನ್ಯನಿಗೆ ಒಂದು ಕಾರ್ಷಾಪಣ ದಂಡವಾಗುವಲ್ಲಿ ರಾಜನಿಗೆ ಸಾವಿರ. ನಮ್ಮ ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿದುದು ಯಾಜ್ಞವಲ್ಕ್ಯಸ್ಮೃತಿಗೆ. ಆ ಸ್ಮೃತಿಯು, ರಾಜನು ಅನ್ಯಾಯದಿಂದ ತೆಗೆದುಕೊಂಡ ದಂಡವನ್ನು ಮೂವತ್ತು ಮಡಿ ಮಾಡಿ ವರುಣನಿಗೆ ನಿವೇದಿಸಿ ವಿಪ್ರರಿಗೆ ಕೊಡತಕ್ಕದ್ದೆಂದು ವಿಧಿಸುವದು. ವಿಧಿಯೇನೋ ಉಂಟು, ವಸೂಲು ಮಾಡುವವರಾರು? ದಂಡಧರನು ತಾನೇ ದಂಡ್ಯನಾದಾಗ ಸ್ಮೃತಿಕಾರರು ದೇವತೆಯನ್ನು ಕರೆಯಬೇಕಾಯಿತು.

ಭಾರತ ಸಂವಿಧಾನದ 361ನೆಯ ಅನುಚ್ಛೇದವು ಈ ತೊಡಕನ್ನು ಬೇರೆ ರೀತಿಯಿಂದ ಬಿಡಿಸಿರುವದು. ರಾಷ್ಟ್ರಪತಿ ಹಾಗೂ ರಾಜ್ಯಪಾಲರ ಮೇಲೆ, ಅವರ ಅಧಿಕಾರಾವಧಿಯಲ್ಲಿ, ಯಾವ ನ್ಯಾಯಾಲಯದಲ್ಲಿಯೂ ಕ್ರಿಮಿನಲ್ ವ್ಯವಹಾರವನ್ನು ಹೂಡಕೂಡದು, ಹೂಡಿದ್ದನ್ನು ಮುಂದುವರಿಸಕೂಡದು. ಸಂವಿಧಾನವನ್ನು ಉಲ್ಲಂಘಿಸಿದ ರಾಷ್ಟ್ರಪತಿಯನ್ನು 61ನೆಯ ಅನುಚ್ಛೇದದ ಮೇರೆಗೆ ಸಂಸತ್ತು ಪದಚ್ಯುತಗೊಳಿಸಬಹುದು. ಅದಕ್ಕೆ ಪ್ರತಿಯೊಂದು ಸದನದ ಒಟ್ಟು ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲಿನವರ ಸಮ್ಮತಿ ಬೇಕು. ಇಲ್ಲಿ 'ಅಧಿಕಾರಾವಧಿಯಲ್ಲಿ' ಎಂಬ ಪದವೇ ಸಿದ್ಧಾಂತದ ಪ್ರಾಣ. ಅದಂಡ್ಯತ್ವವು ಪೀಠಕ್ಕೆ ಸಂದುದು, ಪೀಠಸ್ಥನಿಗಲ್ಲ. ಪೀಠವನ್ನಿಳಿದೊಡನೆ ಅದು ಮುಗಿಯುವದು.

ದೃಷ್ಟಾಂತವೂ ಉಂಟು. 1992ರ ಅಯೋಧ್ಯಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಆದೇಶಿಸಿದಾಗ ಕಲ್ಯಾಣಸಿಂಹರು ರಾಜಸ್ಥಾನದ ರಾಜ್ಯಪಾಲರಾಗಿದ್ದರು. ಆದಕಾರಣ ಅವರ ಮೇಲಿನ ದೋಷಾರೋಪಣೆಯು ತಡೆಯಲ್ಪಟ್ಟಿತು. 2019ರ ಸೆಪ್ಟೆಂಬರದಲ್ಲಿ ಅವರು ಪದವಿಯನ್ನು ಬಿಡಲು, ಅದೇ ತಿಂಗಳಲ್ಲಿ ಆರೋಪ ಹೊರಿಸಲಾಯಿತು. 2020ರಲ್ಲಿ ಅವರು ನಿರ್ದೋಷಿಯೆಂದು ಬಿಡುಗಡೆಯಾದರು.

ಮುಖ್ಯಮಂತ್ರಿಗೆ ಈ ರಕ್ಷಣೆಯಿಲ್ಲವೆಂಬುದನ್ನು ಕರ್ನಾಟಕದ ಇತಿಹಾಸವೇ ತೋರಿಸುವದು. 2011ರಲ್ಲಿ ರಾಜ್ಯಪಾಲ ಹಂಸರಾಜ ಭಾರದ್ವಾಜರು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರ ಮೇಲೆ ಮೊಕದ್ದಮೆಗೆ ಅನುಮತಿಯಿತ್ತರು; 2024ರಲ್ಲಿ ಥಾವರಚಂದ ಗೆಹಲೋತರು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮೇಲಿನ ತನಿಖೆಗೆ ಅನುಮತಿಯಿತ್ತರು. ಅನುಮತಿಯೆಂಬುದು ಅಪರಾಧನಿರ್ಣಯವಲ್ಲ. ಆದರೂ, ತಾನು ಅದಂಡ್ಯನಾಗಿರುವವನೇ ದಂಡ್ಯನಾದವನ ವಿಚಾರಣೆಗೆ ಬಾಗಿಲನ್ನು ತೆರೆಯುವನೆಂಬ ವೈಚಿತ್ರ್ಯವು ಗಮನಾರ್ಹ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳ ಸಾಮಾನ್ಯ ರೈತನಾಗಲಿ ಕೂಲಿಕಾರನಾಗಲಿ ಆರೋಪಿತನಾದರೆ ಅವನಿಗೆ ಅವಧಿಯ ಆಶ್ರಯವಿಲ್ಲ. ಆದುದರಿಂದ ಪೀಠಕ್ಕೆ ಕೊಟ್ಟ ಈ ವಿನಾಯಿತಿಯನ್ನು ಸಂಕುಚಿತವಾಗಿಯೇ ಅರ್ಥೈಸತಕ್ಕದ್ದು. ರಾಜ್ಯಕಾರ್ಯವು ಅಡ್ಡಿಯಿಲ್ಲದೆ ನಡೆಯಲೆಂಬುದೇ ಅದರ ಪ್ರಯೋಜನ, ಅಪರಾಧವು ಮರೆತುಹೋಗಲೆಂಬುದಲ್ಲ. ವರ್ಷಗಳು ಕಳೆದಂತೆ ಸಾಕ್ಷಿಗಳು ತೀರಿಹೋಗುವರು, ನೆನಪುಗಳು ಮಾಸುವವು. ಕಾಲಹರಣವು ನ್ಯಾಯಹರಣವಾಗದಂತೆ ಆ ಅವಧಿಯಲ್ಲಿ ಸಾಕ್ಷ್ಯಗಳನ್ನಾದರೂ ಕಾಪಾಡಿಡುವದು ಅವಶ್ಯ. ಹಾಗಿಲ್ಲದಿದ್ದರೆ ನಮ್ಮ ವಿಧಿಯೂ ವರುಣನಿಗೆ ನಿವೇದಿಸಿದ ದಂಡದಂತೆ ಗ್ರಂಥಸ್ಥವಾಗಿಯೇ ಉಳಿಯುವದು.