ಕಾಯಿಸಿದರೆ ಬಾಗುವ, ತಣಿದರೆ ಗಟ್ಟಿಯಾಗುವ ತಗಡು

ಕಮ್ಮಾರನ ಕುಲುಮೆಯ ಮುಂದೆ ನಿಂತು ನೋಡಿದವರಿಗೆ ಗೊತ್ತು: ತಣ್ಣಗಿನ ಕಬ್ಬಿಣ ಹೇಳಿದ ಮಾತು ಕೇಳುವುದಿಲ್ಲ, ಕಾದು ಕೆಂಪಾದರೆ ಬಡಿದತ್ತ ಬಾಗುತ್ತದೆ. ಇದೇ ಉಪಾಯವನ್ನು ಕಾರು ತಯಾರಿಸುವವರು ಅಲ್ಯೂಮಿನಿಯಂ ತಗಡಿನ ಮೇಲೂ ಪ್ರಯೋಗಿಸುತ್ತಾರೆ. ಆದರೆ ಇಲ್ಲೊಂದು ತೊಡಕಿದೆ.

ಒಂದು ಘನ ಸೆಂಟಿಮೀಟರ್ ಉಕ್ಕಿನ ತೂಕ ಸುಮಾರು 7.8 ಗ್ರಾಂ. ಅಷ್ಟೇ ಗಾತ್ರದ ಅಲ್ಯೂಮಿನಿಯಂ ತೂಗುವುದು 2.7 ಗ್ರಾಂ ಮಾತ್ರ. ಕಾರು ಹಗುರವಾದಷ್ಟೂ ಪೆಟ್ರೋಲ್ ಉಳಿತಾಯ; ಬ್ಯಾಟರಿ ಕಾರಾದರೆ ಒಂದೇ ಚಾರ್ಜಿನಲ್ಲಿ ಹೆಚ್ಚು ದೂರ. ಹಾಗಾದರೆ ಕಾರುಗಳನ್ನೆಲ್ಲ ಅಲ್ಯೂಮಿನಿಯಂನಲ್ಲೇ ಮಾಡಬಾರದೇಕೆ? ಅದರ ಬೆಲೆ ಹೆಚ್ಚೆಂಬುದು ಒಂದು ಕಾರಣ. ಇನ್ನೊಂದು, ತಣ್ಣಗಿರುವಾಗ ಅಚ್ಚಿನಲ್ಲಿ ಆಳವಾಗಿ ಒತ್ತಿದರೆ ತಗಡು ಹರಿಯುತ್ತದೆ. ಹರಿಯದಿದ್ದರೂ ಅಚ್ಚು ತೆಗೆದೊಡನೆ ಸ್ಪ್ರಿಂಗಿನಂತೆ ತುಸು ಹಿಂದೆ ಸರಿದು ಆಕಾರ ಕೆಡುತ್ತದೆ.

ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕೂ ಕೆಳಗೆ, 450ರಿಂದ 500 ಡಿಗ್ರಿಯ ಸುಮಾರಿಗೆ, ನುಣುಪು ಕಣರಚನೆಯ ಕೆಲವು ಮಿಶ್ರಲೋಹಗಳು ಹದವಾದ ಕಣಕದಂತೆ ಎಳೆದಷ್ಟೂ ಹಿಗ್ಗುತ್ತವೆ. ಆಗ ಅನಿಲದ ಒತ್ತಡದಿಂದಲೇ ತಗಡನ್ನು ಬಲೂನಿನಂತೆ ಉಬ್ಬಿಸಿ ಅಚ್ಚಿಗೆ ಅಂಟಿಸಬಹುದು. ಆದರೆ ಇದು ನಿಧಾನದ ಕೆಲಸ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಇದನ್ನು ಚುರುಕುಗೊಳಿಸಿ, 2004ರ ಮಾದರಿಯ ಷೆವರ್ಲೆ ಮಾಲಿಬು ಮ್ಯಾಕ್ಸ್ ಕಾರಿನ ಹಿಂಬಾಗಿಲಿಗೆ ಬಳಸಿತು.

ತೊಡಕು ಯಾವುದು? ಅಪಘಾತವಾದಾಗ ಪ್ರಯಾಣಿಕರನ್ನು ಕಾಯಬೇಕಾದ ಭಾಗಗಳಿಗೆ ಇನ್ನೂ ಗಟ್ಟಿಯಾದ ಮಿಶ್ರಲೋಹ ಬೇಕು. ಕಾಯಿಸಿದರೆ ಅದರ ಗಟ್ಟಿತನವೇ ಹೋಗುತ್ತದೆ!

ಇದಕ್ಕೆ ಉತ್ತರ ಹಳೆಯದೊಂದು ಶೋಧದಲ್ಲಿದೆ. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್, ತಾಮ್ರ ಮತ್ತು ಮೆಗ್ನೀಸಿಯಂ ಬೆರೆತ ಅಲ್ಯೂಮಿನಿಯಂ ಅನ್ನು ಕಾಯಿಸಿ ಥಟ್ಟನೆ ತಣಿಸಿದರು. ಕೆಲವು ದಿನ ಬಿಟ್ಟು ಪರೀಕ್ಷಿಸಿದರೆ, ಅದು ತಾನಾಗಿಯೇ ಗಟ್ಟಿಯಾಗಿತ್ತು.

ಬಿಸಿನೀರಿನಲ್ಲಿ ಸಕ್ಕರೆ ಹೆಚ್ಚು ಕರಗುತ್ತದಲ್ಲವೇ? ಹಾಗೆಯೇ 500 ಡಿಗ್ರಿಗೂ ಮೇಲೆ ಕಾದ ಅಲ್ಯೂಮಿನಿಯಂನಲ್ಲಿ ಮೆಗ್ನೀಸಿಯಂ, ಸಿಲಿಕಾನ್ ಪರಮಾಣುಗಳು ಕರಗಿ ಸೇರಿಕೊಳ್ಳುತ್ತವೆ. ತಕ್ಷಣ ತಣಿಸಿದರೆ ಹೊರಬರಲಾಗದೆ ಅಲ್ಲೇ ಸಿಕ್ಕಿಬೀಳುತ್ತವೆ. ಮತ್ತೆ ಹದವಾದ ಶಾಖದಲ್ಲಿ ಕೆಲವು ಗಂಟೆ ಇಟ್ಟರೆ ಅವು ಸೂಕ್ಷ್ಮ ಗುಂಪುಗಳಾಗುತ್ತವೆ. ಲೋಹದ ಪದರಗಳು ಒಂದರ ಮೇಲೊಂದು ಜಾರದಂತೆ ಈ ಗುಂಪುಗಳು ತಡೆಯುತ್ತವೆ. ಅದೇ ಗಟ್ಟಿತನ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಬೆಳೆಸಿದ ವಿಧಾನದಲ್ಲಿ, ಕಾದ ತಗಡನ್ನು ಕ್ಷಣಗಳಲ್ಲೇ ತಣ್ಣಗಿನ ಅಚ್ಚಿಗಿಟ್ಟು ಒತ್ತಿ ಹಿಡಿಯುತ್ತಾರೆ. ಆಕಾರ ಕೊಡುವುದೂ ಅಚ್ಚೇ, ತಣಿಸುವುದೂ ಅಚ್ಚೇ. ಅಚ್ಚಿನ ಬಿಗಿಯಲ್ಲೇ ತಣಿಯುವುದರಿಂದ ತಗಡು ಹಿಂದೆ ಸರಿಯುವುದೂ ಬಹಳ ಕಡಿಮೆ. 2016ರಲ್ಲಿ ಬಂದ ಆಸ್ಟನ್ ಮಾರ್ಟಿನ್ ಡಿಬಿ11 ಕಾರಿನಲ್ಲಿ ಮುಂಗಾಜಿನ ಪಕ್ಕದ ಕಂಬಗಳು ಹೀಗೇ ತಯಾರಾದವು. ಕಾರು ಮಗುಚಿದರೆ ಚಾವಣಿ ಕುಸಿಯದಂತೆ ಹಿಡಿಯಬೇಕಾದದ್ದು ಈ ಕಂಬಗಳೇ.

ಕರಗುವಿಕೆಯ ಪಾಠ ಪರೀಕ್ಷೆಯ ಎರಡು ಅಂಕಗಳಿಗಷ್ಟೇ ಅಲ್ಲ. ಒಮ್ಮೊಮ್ಮೆ ಅದು ಜೀವವನ್ನೂ ಕಾಯುತ್ತದೆ.