ಗಾಲ್ಫ್ ಅಂಗಳದ ಬಾಗಿಲು ತೆರೆದ ಬಗೆ

ಗಾಲ್ಫ್ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವ ಚಿತ್ರ ಒಂದೇ: ಹಸಿರು ಹಾಸಿನ ಮೇಲೆ ನಿಧಾನವಾಗಿ ಹೆಜ್ಜೆಯಿಡುವ ಸಿರಿವಂತರು, ಅವರ ಹಿಂದೆ ಕೋಲುಗಳ ಚೀಲ ಹೊತ್ತು ಸಾಗುವ ಹುಡುಗರು. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಷ್ಟು ಹಿಂದಿನದು. ಆದರೂ ಈ ಆಟವನ್ನು ಬೇಲಿಯ ಆಚೆಯಿಂದ ಕಂಡವರೇ ನಮ್ಮಲ್ಲಿ ಹೆಚ್ಚು. ಕಲ್ಯಾಣದ ಶರಣರ ಸಮತೆಯ ನುಡಿಗಳನ್ನು ಕೇಳುತ್ತ ಬೆಳೆದ ನಮಗೆ ಇದರ ಮೇಲೆ ಒಲವು ಹುಟ್ಟಲು ಕಾರಣವೇ ಇರಲಿಲ್ಲ. ಆದರೆ ಅಮೆರಿಕದಲ್ಲಿ ಇದೇ ಆಟದ ಬಾಗಿಲನ್ನು ದೇಶದ ಮಕ್ಕಳೆಲ್ಲರಿಗೂ ತೆರೆಯಲು ನಡೆದ ಕಾರ್ಯವನ್ನು ತಿಳಿದ ಮೇಲೆ ನಮ್ಮ ಬಿಗುಮಾನ ಕೊಂಚ ಸಡಿಲಗೊಂಡಿತು.

ಆ ದೇಶದಲ್ಲಿ ಬೇಲಿ ಹಣದ್ದು ಮಾತ್ರವಾಗಿರಲಿಲ್ಲ, ಬಣ್ಣದ್ದೂ ಆಗಿತ್ತು. ಅಲ್ಲಿಯ ವೃತ್ತಿಪರ ಗಾಲ್ಫ್ ಆಟಗಾರರ ಸಂಘವು ಬಿಳಿಯರಿಗಷ್ಟೇ ಸದಸ್ಯತ್ವವೆಂಬ ನಿಯಮವನ್ನು 1934ರಲ್ಲಿ ಬರೆದಿಟ್ಟು, 1961ರವರೆಗೂ ಕಾಯ್ದುಕೊಂಡಿತು. ಹೆಸರಾಂತ ಆಗಸ್ಟಾ ನ್ಯಾಷನಲ್ ಕ್ಲಬ್ಬು ಕರಿಯ ಸದಸ್ಯರೊಬ್ಬರನ್ನು ಮೊದಲ ಬಾರಿಗೆ ಸೇರಿಸಿಕೊಂಡದ್ದು 1990ರಲ್ಲಿ, ಮಹಿಳೆಯರನ್ನು 2012ರಲ್ಲಿ. ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ರೋಗ ನಮ್ಮ ನಾಡಿನದು ಮಾತ್ರವಲ್ಲವೆಂದು ಇದರಿಂದ ತಿಳಿಯುತ್ತದೆ.

ಈ ಕಥೆಯಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದವರು ಷಿಕಾಗೋ ನಗರದ ಚಿಕ್ ಇವಾನ್ಸ್. ಬಾಲ್ಯದಲ್ಲಿ ಅವರು ಚೀಲ ಹೊರುವ ಕ್ಯಾಡಿಯಾಗಿದ್ದರು. ಕಾಲೇಜಿಗೆ ಸೇರಿದರೂ ಹಣವಿಲ್ಲದೆ ಓದು ಅರ್ಧಕ್ಕೆ ನಿಂತಿತು. 1916ರಲ್ಲಿ ಅಮೆರಿಕದ ಓಪನ್ ಹಾಗೂ ಹವ್ಯಾಸಿ ಸ್ಪರ್ಧೆಗಳೆರಡನ್ನೂ ಒಂದೇ ವರ್ಷದಲ್ಲಿ ಗೆದ್ದರು. ಆಟದ ಪಾಠಗಳ ಧ್ವನಿಮುದ್ರಿಕೆಗಳಿಂದ ಹಣ ಬಂದಾಗ, ಅದನ್ನು ಸ್ವಂತಕ್ಕೆ ಬಳಸಿಕೊಂಡರೆ ಹವ್ಯಾಸಿ ಆಟಗಾರನೆಂಬ ಸ್ಥಾನ ಹೋಗುತ್ತಿತ್ತು. ತಾಯಿಯ ಸಲಹೆಯಂತೆ ಆ ಹಣ ಕ್ಯಾಡಿಗಳ ವಿದ್ಯಾಭ್ಯಾಸಕ್ಕೆ ಮೀಸಲಾಯಿತು. 1930ರಲ್ಲಿ ಇಬ್ಬರು ಹುಡುಗರು ಆ ವಿದ್ಯಾರ್ಥಿವೇತನದಿಂದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಸೇರಿದರು. ಇವಾನ್ಸರ ಓದು ನಿಂತದ್ದೂ ಅದೇ ವಿದ್ಯಾಲಯದಲ್ಲಿ! ಅಂದಿನಿಂದ ಇಂದಿನವರೆಗೆ ಈ ನಿಧಿಯಿಂದ ಪದವಿ ಪಡೆದವರು 11,000ಕ್ಕೂ ಹೆಚ್ಚು. ದಾಸೋಹವೆಂಬ ಶಬ್ದ ಅವರಿಗೆ ತಿಳಿದಿರಲಿಲ್ಲ. ನಮ್ಮ ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿದವರಿಗೆ ಇದರ ಬೆಲೆ ಹೇಳಿಕೊಡಬೇಕಾಗಿಲ್ಲ.

ದೇಶವ್ಯಾಪಿಯಾದ ವ್ಯವಸ್ಥೆ ರೂಪುಗೊಂಡದ್ದು 1997ರಲ್ಲಿ. ಟೈಗರ್ ವುಡ್ಸ್ ಎಂಬ ತರುಣ ಆಗಸ್ಟಾದಲ್ಲಿ ಮಾಸ್ಟರ್ಸ್ ಗೆದ್ದ ವರ್ಷವೂ ಅದೇ. ಆಟದ ಪ್ರಮುಖ ಸಂಸ್ಥೆಗಳು ಒಂದುಗೂಡಿ ‘ಫಸ್ಟ್ ಟೀ’ ಎಂಬ ಯೋಜನೆಯನ್ನು ಆರಂಭಿಸಿದವು. ಟೀ ಎಂದರೆ ಮೊದಲ ಹೊಡೆತಕ್ಕೆ ಚೆಂಡನ್ನಿಡುವ ತಾಣ. ಕೇಂದ್ರ ಕಚೇರಿ ಪಾಠಕ್ರಮವನ್ನು ಸಿದ್ಧಪಡಿಸಿ ಶಿಕ್ಷಕರನ್ನು ತರಬೇತುಗೊಳಿಸುತ್ತದೆ. ಮೈದಾನ ಹುಡುಕುವುದು, ಹಣ ಕೂಡಿಸುವುದು, ಮಕ್ಕಳನ್ನು ಕರೆತರುವುದು ಊರೂರಿನ ಶಾಖೆಗಳ ಹೊಣೆ. ಮೂಲಮಠವೊಂದು, ಶಾಖಾಮಠಗಳು ಹಲವು ಎಂಬ ಕ್ರಮವನ್ನು ಬಲ್ಲ ನಮಗೆ ಇದು ಹೊಸತೆನಿಸಲಿಲ್ಲ. 2004ರಿಂದ ಶಾಲೆಗಳ ವ್ಯಾಯಾಮದ ತರಗತಿಗೂ ಹಗುರವಾದ ಕೋಲು, ಚೆಂಡುಗಳೊಡನೆ ಈ ಪಾಠ ಪ್ರವೇಶಿಸಿತು.

ಆರಂಭದ ಪಾಠಕ್ರಮದಲ್ಲಿ ಒಂಬತ್ತು ಮೌಲ್ಯಗಳನ್ನು ಆರಿಸಿಕೊಂಡಿದ್ದರು. ಅವುಗಳಲ್ಲಿ ಪ್ರಾಮಾಣಿಕತೆಯೂ ಒಂದು. ಇದು ಬರಿಯ ಅಲಂಕಾರವಲ್ಲ. ಕ್ರಿಕೆಟ್ಟಿನಲ್ಲಿ ಅಂಪೈರು ಬೆರಳೆತ್ತುವವರೆಗೆ ಕದಲದ ಆಟಗಾರರನ್ನು ನಾವು ಕಂಡಿದ್ದೇವೆ. ಗಾಲ್ಫಿನಲ್ಲಿ ಪ್ರತಿ ಹೊಡೆತವನ್ನು ಕಾಯುವ ಅಂಪೈರು ಇರುವುದಿಲ್ಲ. ತನ್ನ ತಪ್ಪನ್ನು ಆಟಗಾರನೇ ಹೇಳಬೇಕು, ಅಂಕಪಟ್ಟಿಗೆ ತಾನೇ ಸಹಿ ಹಾಕಬೇಕು. 1925ರ ಅಮೆರಿಕದ ಓಪನ್ ಸ್ಪರ್ಧೆಯಲ್ಲಿ ಬಾಬಿ ಜೋನ್ಸ್ ಹೊಡೆಯಲು ನಿಂತಾಗ ಹುಲ್ಲಿನ ನಡುವಿದ್ದ ಚೆಂಡು ಕಿಂಚಿತ್ತು ಅಲುಗಿತು. ಬೇರೆ ಯಾರೂ ಕಾಣಲಿಲ್ಲ. ಜೋನ್ಸರು ತಾವಾಗಿಯೇ ಒಂದು ಹೊಡೆತದ ದಂಡವನ್ನು ಬರೆಸಿಕೊಂಡರು. ಕೊನೆಗೆ ಸ್ಪರ್ಧೆ ಸಮವಾಗಿ, ಮರುಪಂದ್ಯದಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನರಿಗೆ ಸೋತರು. ಆ ಒಂದು ಹೊಡೆತ ಇಲ್ಲದಿದ್ದರೆ ಅಂದೇ ಗೆದ್ದಿರುತ್ತಿದ್ದರು. ಅಂತರಂಗದ ಸಾಕ್ಷಿಯನ್ನು ಕುರಿತು ನಾವು ಪ್ರವಚನಗಳಲ್ಲಿ ಎಷ್ಟೋ ಹೇಳುತ್ತೇವೆ. ಹತ್ತು ವರ್ಷದ ಮಗುವಿಗೆ ಅದನ್ನು ಕೈಯಾರೆ ಮಾಡಿ ಕಲಿಯುವ ಅವಕಾಶ ಎಷ್ಟು ಸಿಗುತ್ತದೆ?

ಹೆಣ್ಣುಮಕ್ಕಳಿಗಾಗಿಯೇ 1989ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಸ್ಯಾಂಡಿ ಲಬಾವ್ ಎಂಬ ಶಿಕ್ಷಕಿ ಆರಂಭಿಸಿದ ಕೂಟವೂ ಮುಂದೆ ದೇಶವ್ಯಾಪಿಯಾಯಿತು. 2006ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಇನ್ನೊಂದು ಯೋಜನೆ ಐದು ಡಾಲರಿಗೆ ಮಕ್ಕಳಿಗೆ ಆಟ ಒದಗಿಸಿ, ಉಳಿದ ಶುಲ್ಕದ ಭಾಗವನ್ನು ಮೈದಾನದವರಿಗೆ ತಾನೇ ಭರಿಸಿತು. ಮೈದಾನದವರನ್ನು ಬರಿಯ ಉಪದೇಶದಿಂದ ಒಲಿಸಲು ಹೋಗದಿದ್ದುದು ವ್ಯವಹಾರಜ್ಞಾನವೇ ಸರಿ.

ಈ ಆಟ ನೀರನ್ನೂ ನೆಲವನ್ನೂ ವಿಪರೀತವಾಗಿ ಬೇಡುತ್ತದೆಂಬ ನಮ್ಮ ಆಕ್ಷೇಪಣೆ ಹಾಗೆಯೇ ಉಳಿದಿದೆ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಗಾಲ್ಫ್ ಅಂಗಳ ಕಟ್ಟಿರೆಂದು ನಾವು ಹೇಳಲಾರೆವು. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಮಕ್ಕಳು ಶಾಲೆಯಿಂದ ಇಂತಹ ಕರೆ ತಂದರೆ ಹಿರಿಯರು ಬೇಡವೆನ್ನದಿರಲಿ. ಬೆಂಗಳೂರಿನ ಅದಿತಿ ಅಶೋಕ್ ಕೂಡ ಬಾಲ್ಯದಲ್ಲೇ ಕೋಲು ಹಿಡಿದವರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯವರಾದಾಗ, ಕ್ಯಾಡಿಯಾಗಿ ಜೊತೆಯಲ್ಲಿ ನಡೆದವರು ಅವರ ತಾಯಿಯೇ.