ಅರ್ಧಕ್ಕೇ ನಿಲ್ಲುವ ಹಾಡು

ನಾಲ್ಕು ನಿಮಿಷದ ಹಾಡು ಎರಡೂವರೆ ನಿಮಿಷಕ್ಕೆ ಗಕ್ಕನೆ ನಿಂತುಬಿಟ್ಟರೆ ಫೈಲು ಹಾಳಾಯಿತೆಂದು ಅಳಿಸಿಬಿಡುವವರೇ ಹೆಚ್ಚು. ಅವಸರ ಬೇಡ. ಉಳಿದ ಹಾಡು ಎಷ್ಟೋ ಸಲ ಅದರೊಳಗೇ ಇರುತ್ತದೆ.

ಎಂಪಿ3 ಫೈಲೆಂದರೆ ಸಾಲಾಗಿ ಜೋಡಿಸಿದ ಪುಟ್ಟ ಪುಟ್ಟ ಫ್ರೇಮುಗಳು. ಸಾಮಾನ್ಯ ಹಾಡಿನ ಒಂದು ಫ್ರೇಮಿನಲ್ಲಿ ಧ್ವನಿಯ 1152 ಮಾದರಿಗಳಿರುತ್ತವೆ. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ ಅದು ಸುಮಾರು 26 ಮಿಲಿಸೆಕೆಂಡಿನ ಸದ್ದು. ಪ್ರತಿ ಫ್ರೇಮಿನ ತಲೆಯಲ್ಲೂ 4 ಬೈಟಿನ ಹೆಡರ್. ಅದು ಶುರುವಾಗುವುದೇ ಒಂದರ ಬೆನ್ನಿಗೊಂದು ಬರುವ ಹನ್ನೊಂದು '1'ಗಳಿಂದ. ನಡುವೆ ಒಂದಿಷ್ಟು ಮಾಹಿತಿ ಕೆಟ್ಟರೂ ಪ್ಲೇಯರ್ ಈ ಗುರುತನ್ನು ಹುಡುಕಿಕೊಂಡು ಮುಂದಿನ ಫ್ರೇಮಿನಿಂದ ಹಾಡು ಮುಂದುವರಿಸಬಹುದು. ನನಗೆ ಈ ವಿನ್ಯಾಸದಲ್ಲಿ ಬಹಳ ಮೆಚ್ಚುಗೆಯಾಗುವುದು ಇದೇ. ಆದರೆ ಎಲ್ಲ ಪ್ಲೇಯರುಗಳಿಗೂ ಹುಡುಕುವ ತಾಳ್ಮೆಯಿಲ್ಲ. ಕಾರಿನ ಸ್ಟೀರಿಯೊ ಕೈಬಿಟ್ಟ ಹಾಡನ್ನು ಕಂಪ್ಯೂಟರಿನ ವಿಎಲ್‌ಸಿ ಒಮ್ಮೆ ಗೊರಗೊರ ಎಂದು ಕೊನೆಯವರೆಗೆ ನುಡಿಸಬಹುದು.

ಹಾಗಾಗಿ ಮೊದಲು ನೋಡಬೇಕಾದದ್ದು, ಹಾಡು ಪ್ರತಿಸಲವೂ ಒಂದೇ ಜಾಗದಲ್ಲಿ ನಿಲ್ಲುತ್ತದೆಯೇ ಎಂದು. ಸಲಕ್ಕೊಂದು ಕಡೆ ನಿಂತರೆ ಫೈಲಿನ ತಪ್ಪಿರಲಾರದು. ಬ್ಲೂಟೂತ್ ಸಂಪರ್ಕವನ್ನೋ ಬ್ಯಾಟರಿ ಉಳಿಸಲು ಆ್ಯಪನ್ನು ಮುಚ್ಚಿಬಿಡುವ ಫೋನನ್ನೋ ಅನುಮಾನಿಸಿ. ಎಲ್ಲ ಪ್ಲೇಯರುಗಳಲ್ಲೂ ಅದೇ ಜಾಗದಲ್ಲಿ ನಿಂತರೆ ಫೈಲಿನ ಗಾತ್ರ ನೋಡಿ. 128 ಕೆಬಿಪಿಎಸ್‌ನ ನಾಲ್ಕು ನಿಮಿಷದ ಹಾಡು ಸುಮಾರು 3.8 ಎಂಬಿ ಇರಬೇಕು. 2.4 ಮಾತ್ರ ಇದ್ದರೆ ಡೌನ್‌ಲೋಡ್ ನಡುವೆಯೇ ಕಡಿದಿದೆ, ಮತ್ತೆ ಇಳಿಸಿಕೊಳ್ಳುವುದೇ ದಾರಿ.

ಗಾತ್ರ ಸರಿಯಿದ್ದೂ ಹಾಡು ನಿಂತರೆ ಪೆನ್‌ಡ್ರೈವನ್ನು ಪರೀಕ್ಷಿಸಬೇಕು. ನಕಲಿ ಪೆನ್‌ಡ್ರೈವುಗಳು ಇಲ್ಲದ ಜಾಗವನ್ನು ಇದೆಯೆಂದು ತೋರಿಸುತ್ತವೆ. ನಿಜವಾದ ಜಾಗ ತುಂಬಿದ ಮೇಲೆ ಹಾಕಿದ ಹಾಡುಗಳ ಹೆಸರು, ಗಾತ್ರ ಎರಡೂ ಕಾಣುತ್ತವೆ, ಒಳಗೆ ಸದ್ದು ಮಾತ್ರ ಇರುವುದಿಲ್ಲ. ಕಾಪಿ ಪೂರ್ತಿಯಾಗುವ ಮುಂಚೆ 'ಇಜೆಕ್ಟ್' ಒತ್ತದೆ ಕಿತ್ತರೂ ಹೀಗಾಗುವುದುಂಟು.

ಇನ್ನು ಕೆಲವು ಹಾಡುಗಳು ನಿಂತಿರುವುದೇ ಇಲ್ಲ, ಮುಗಿದಿರುತ್ತವೆ. ಬಿಟ್‌ರೇಟ್ ಬದಲಾಗುತ್ತ ಸಾಗುವ ಫೈಲಿನಲ್ಲಿ ಒಟ್ಟು ಫ್ರೇಮುಗಳ ಲೆಕ್ಕ ಬರೆದಿರದಿದ್ದರೆ ಪ್ಲೇಯರ್ ಅವಧಿಯನ್ನು ಅಂದಾಜಿನಲ್ಲಿ ಹೇಳುತ್ತದೆ, ಆ ಅಂದಾಜು ತಪ್ಪುತ್ತದೆ.

ಸಿನಿಮಾ ಹಾಡಾದರೆ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು. ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಅಜ್ಜಿಯ ಸೋಬಾನೆಯೋ ಊರಿನ ತಾಳಮದ್ದಳೆಯೋ ಆದರೆ ಅದೊಂದೇ ಪ್ರತಿ. ಅಂಥದ್ದನ್ನು ಮೊದಲು ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ, ದುರಸ್ತಿಯನ್ನು ಆ ಕಾಪಿಯ ಮೇಲಷ್ಟೇ ಮಾಡಿ. ಎಂಪಿ3ಯನ್ನು ಮತ್ತೆ ಎಂಪಿ3ಯಾಗಿ ಪರಿವರ್ತಿಸಿದರೆ ಧ್ವನಿ ಇನ್ನಷ್ಟು ಸವೆಯುತ್ತದೆ. ಫ್ರೇಮುಗಳನ್ನಷ್ಟೇ ಸರಿಪಡಿಸುವ ಎಂಪಿ3ವ್ಯಾಲ್‌ನಂಥ ಉಚಿತ ತಂತ್ರಾಂಶಗಳಿವೆ, ಅವನ್ನು ಬಳಸಿ. ಮೂಲ ಕ್ಯಾಸೆಟ್ಟನ್ನಂತೂ ದಯವಿಟ್ಟು ಎಸೆಯಬೇಡಿ.